ಐದು ಮೂಲೆಯ ಕಲ್ಲು

ದ್ವೀಪ ಎಂಬ ಮಾತು ಕೇಳಿದೊಡನೆ ನಮ್ಮಂಥ ಬಯಲುಸೀಮೆಯವರ ಮನಸ್ಸು ಬಹಳ ದೂರ ಓಡುತ್ತದೆ. ಅಂಡಮಾನ್, ಲಕ್ಷದ್ವೀಪ, ಕೈಯಲ್ಲಿ ಕಾಸಿದ್ದವರಿಗೆ ಮಾಲ್ಡೀವ್ಸ್. ಬೆಂಗಳೂರಿನಲ್ಲಿ ರಾತ್ರಿ ಊಟ ಮುಗಿಸಿ ರೈಲು ಹತ್ತಿ, ಮರುದಿನ ದ್ವೀಪದಲ್ಲಿ ಬುತ್ತಿ ಬಿಚ್ಚಿ, ಮೂರನೆಯ ಬೆಳಿಗ್ಗೆ ಮನೆಯಲ್ಲೇ ಕಾಫಿ ಕುಡಿಯಬಹುದು ಎಂದುಬಿಟ್ಟರೆ, ಅದೂ ಒಂದು ದ್ವೀಪವೇ ಎಂದು ಮೂಗು ಮುರಿಯುತ್ತೇವೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಒದಗಿರುವ ದುರದೃಷ್ಟ ಇದೇ. ಉಡುಪಿಗೆ ಬಂದವರು ಕೃಷ್ಣನ ದರ್ಶನವಾದ ಮೇಲೆ ರೈಲಿಗೆ ಇನ್ನೂ ಹೊತ್ತಿದ್ದರೆ ಅಲ್ಲಿಗೆ ಹೋಗುತ್ತಾರೆ, ಹೊತ್ತಿಲ್ಲದಿದ್ದರೆ ಇಲ್ಲ.

ನಮ್ಮ ಭಾವ ಮಾತ್ರ ಕೃಷ್ಣನನ್ನು ಎರಡನೆಯ ಸ್ಥಾನದಲ್ಲಿಟ್ಟು ಹೊರಟವರು. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಹೇಳಿದವರು ಅವರು. ಕಪ್ಪು ಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಆಫ್ರಿಕವನ್ನು ಬರೆಯಬಲ್ಲವರೆಂದು ಊರಿನಲ್ಲಿ ಹೆಸರು. ಐರ್ಲೆಂಡಿನ ಸಮುದ್ರತೀರದಲ್ಲಿ ಯಾರೋ ಕಡೆದು ನಿಲ್ಲಿಸಿದಂತಿರುವ ಕಲ್ಲುಕಂಬಗಳ ಸಮೂಹವಿದೆಯಷ್ಟೆ, ಜಯಂಟ್ಸ್ ಕಾಸ್‌ವೇ ಎನ್ನುತ್ತಾರೆ, ಅದರ ಚಿತ್ರವನ್ನು ಪ್ರತಿ ವರ್ಷವೂ ಹುಡುಗರಿಗೆ ತೋರಿಸಿ, ನಿಸರ್ಗ ಆರು ಮೂಲೆಯ ಕಂಬಗಳನ್ನು ಹೇಗೆ ಕಡೆಯುತ್ತದೆಂದು ವಿವರಿಸುತ್ತಿದ್ದರು. ಅಂಥದೇ ಕಂಬಗಳು ನಮ್ಮ ಮಲ್ಪೆಯಲ್ಲೇ ಇವೆಯೆಂದು ಅವರಿಗೆ ತಿಳಿದದ್ದು ನಿವೃತ್ತಿಯ ಹತ್ತಿರ. ಆಮೇಲೆ ಮಗಳ ಮದುವೆ, ಮನೆ ಕಟ್ಟುವುದು, ಮಂಡಿನೋವು. ನೋಡುವುದು ನೋಡುವುದಾಗಿಯೇ ಉಳಿಯಿತು.

ಈಗ ಅವರಿಗೆ ಎಪ್ಪತ್ತೊಂಬತ್ತು. ನಾಲ್ಕು ವರ್ಷದಿಂದ ಕಣ್ಣಿನ ಪಟಲದ ನಡುಭಾಗ ಸವೆಯುತ್ತ ಬಂದಿದೆ. ಇದೊಂದು ವಿಚಿತ್ರ ಬೇನೆ. ನೋಡಬೇಕೆಂದು ನೇರವಾಗಿ ದೃಷ್ಟಿಯಿಟ್ಟದ್ದು ಕಾಣುವುದಿಲ್ಲ. ಅದರ ಅಕ್ಕಪಕ್ಕದ್ದು ಕಾಣುತ್ತದೆ. ಎದುರಿಗೆ ಕುಳಿತವರ ಕಿವಿ ಕಾಣುತ್ತದೆ, ಮುಖವಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಡಾಕ್ಟರು ಆ ನಡುವಿನ ಮಸುಕು ಇನ್ನಷ್ಟು ಅಗಲವಾಗಿದೆ ಎಂದರಂತೆ. ಸಂಕ್ರಾಂತಿಯ ಮಾರನೆಯ ದಿನ ಅಕ್ಕ ನನಗೆ ಫೋನು ಮಾಡಿದಳು.

“ಅವರನ್ನು ಒಂದು ಸಲ ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಬರೋಣ ಕಣೋ. ನೀನು ಜೊತೆಗೆ ಬಂದರೆ ಧೈರ್ಯ.”

ಹೀಗೆ ಹೊರಟಿತು ನಮ್ಮ ಮೂವರ ದಂಡು.

ಮಲ್ಪೆ ಉಡುಪಿಯಿಂದ ಆರು ಕಿಲೋಮೀಟರು. ಅಲ್ಲಿಂದ ದ್ವೀಪ ಕಡಲಿನ ಮೇಲೆ ಹೆಚ್ಚುಕಡಮೆ ಮತ್ತೆ ಅಷ್ಟೇ. ಟಿಕೆಟ್ಟಿನ ಕಿಟಕಿಯ ಬಳಿ ಚೀಲಗಳ ತಪಾಸಣೆ ನಡೆಯುತ್ತಿತ್ತು. ದ್ವೀಪಕ್ಕೆ ಪ್ಲಾಸ್ಟಿಕ್ ಕೂಡದು, ಮದ್ಯ ಕೂಡದು. ಎರಡನೆಯದರ ವಿಷಯದಲ್ಲಿ ನಮ್ಮ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಅಕ್ಕನ ಚೀಲದಿಂದ ಚಿತ್ರಾನ್ನದ ಸ್ಟೀಲು ಡಬ್ಬಿ, ಹಿತ್ತಾಳೆಯ ನೀರಿನ ಚೊಂಬು, ಬಾಳೆಲೆಯ ಸುರುಳಿ ಒಂದೊಂದಾಗಿ ಹೊರಬಂದಾಗ ತಪಾಸಣೆಯ ಹುಡುಗ ಕೈಮುಗಿದು, “ಅಮ್ಮಾ, ಎಲ್ಲರೂ ನಿಮ್ಮ ಹಾಗೆ ಬಂದಿದ್ದರೆ ನಮಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ ಮಾರಾಯ್ರೆ” ಎಂದ. ಅಕ್ಕನಿಗೆ ಪರಮ ಸಂತೋಷ. ಅವಳು ಇದನ್ನು ಪರಿಸರಕ್ಕಾಗಿ ಮಾಡಿದ್ದಲ್ಲ, ಮಡಿಗಾಗಿ ಮಾಡಿದ್ದು ಎಂಬುದನ್ನು ನಾನು ಹೇಳಹೋಗಲಿಲ್ಲ.

ದೋಣಿಯಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಒಬ್ಬ ತಂದೆ ತನ್ನ ಮಕ್ಕಳಿಗೆ ಚರಿತ್ರೆ ಹೇಳುತ್ತಿದ್ದ. ವಾಸ್ಕೋ ಡ ಗಾಮ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಇದೇ ದ್ವೀಪದಲ್ಲಿ, ಇಲ್ಲಿಂದ ಅವನು ಕಲ್ಲಿಕೋಟೆಗೆ ಹೋದ ಎಂದು. ಭಾವನವರ ಕಿವಿ ನಿಮಿರಿತು. ಮೇಷ್ಟ್ರ ಕಣ್ಣು ಹೋಗಬಹುದು, ಕಿವಿ ಹೋಗುವುದಿಲ್ಲ. ಮೆಲ್ಲನೆ ಹಿಂದಕ್ಕೆ ತಿರುಗಿದರು. “ಸ್ವಾಮಿ, ಕ್ಷಮಿಸಿ. ಅವನು ಆಫ್ರಿಕದ ಮಲಿಂದಿಯಿಂದ ನೇರವಾಗಿ ಕಡಲು ದಾಟಿ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಸೇರಿದ. ಈ ಕಡೆಗೆ ಬಂದದ್ದು ವಾಪಸು ಹೋಗುವಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಇಲ್ಲಿನ ದ್ವೀಪವೊಂದರ ಮೇಲೆ ಒಂದು ಕಲ್ಲುಕಂಬ ನೆಟ್ಟು ಅದಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟ. ದೊರೆ ಕೊಟ್ಟು ಕಳಿಸಿದ್ದ ಕಂಬಗಳಲ್ಲಿ ಅದು ಮೂರನೆಯದು.” ಆ ತಂದೆ ಸಜ್ಜನ. “ಹೌದಾ ಸಾರ್?” ಎಂದು ಮಕ್ಕಳ ಕಡೆ ನೋಡಿದ. ಮಕ್ಕಳು ಕಡಲುಹಕ್ಕಿಯನ್ನು ನೋಡುತ್ತಿದ್ದವು. ಕಂಬಗಳದೇ ರಾಶಿಯಾದ ಈ ಜಾಗಕ್ಕೆ ಲಿಸ್ಬನ್ನಿನಿಂದ ಇನ್ನೊಂದು ಕಂಬ ಹೊತ್ತು ತಂದು ನೆಟ್ಟನಲ್ಲ, ಆ ಪುಣ್ಯಾತ್ಮನ ಶ್ರಮಕ್ಕೆ ಏನು ಹೇಳೋಣ! ಅದೀಗ ಇಲ್ಲ. ಹೆಸರು ಉಳಿದಿದೆ. ಈ ಕಡೆಯ ಜನ ಇಟ್ಟಿದ್ದ ತೋನ್ಸೆಪಾರ್ ಎಂಬ ಚೆಲುವಾದ ಹೆಸರನ್ನು ಪ್ರವಾಸಿಗಳಾರೂ ಕೇಳಿಯೇ ಇಲ್ಲ.

ದ್ವೀಪ ಹತ್ತಿರವಾದಾಗ ದೊಡ್ಡ ದೋಣಿ ನಿಂತಿತು. ಮುಂದೆ ನೀರು ಆಳವಿಲ್ಲ. ಚಿಕ್ಕ ದೋಣಿಗೆ ಇಳಿಯಬೇಕು, ಅದರಿಂದ ಮೊಣಕಾಲುದ್ದ ನೀರಿಗೆ. ನನಗೆ ಎದೆ ಧಸಕ್ಕೆಂದಿತು. ಎರಡು ದೋಣಿಗಳೂ ಏಳುತ್ತ ಬೀಳುತ್ತ ಒಂದನ್ನೊಂದು ತಿವಿಯುತ್ತಿದ್ದವು. ಭಾವ ಸೊಂಟದ ಪಂಚೆಯನ್ನು ಎತ್ತಿ ಕಟ್ಟಿ ಸಿದ್ಧರಾಗಿ ನಿಂತಿದ್ದರು, ಆದರೆ ಕಾಲಿಡಬೇಕಾದ ಹಲಗೆಯೇ ಆ ನಡುವಿನ ಮಸುಕಿನಲ್ಲಿ ಸಿಕ್ಕಿಕೊಂಡಿತ್ತು. ಅವರು ತಲೆಯನ್ನು ಆಚೆ ಈಚೆ ತಿರುಗಿಸಿ ಓರೆಯಾಗಿ ಅದನ್ನು ಹಿಡಿಯಲು ನೋಡುತ್ತಿದ್ದರು. ಹಿಂದೆ ನಿಂತವರು ಗೊಣಗತೊಡಗಿದರು. ಅಕ್ಕ, “ಬೇಡ ಕಣೋ, ಇಲ್ಲಿಂದಲೇ ವಾಪಸು ಹೋಗೋಣ” ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ಚಿಕ್ಕ ದೋಣಿಯ ಹುಡುಗ ಮೇಲಕ್ಕೆ ನೋಡಿದ. ಇಪ್ಪತ್ತು ವರ್ಷವಿರಬಹುದು. “ಅಜ್ಜನಿಗೆ ಕಣ್ಣು ಕಾಣುದಿಲ್ವಾ? ಅಡ್ಡಿ ಇಲ್ಲ. ಅಜ್ಜ, ನನ್ನ ಭುಜ ಹಿಡ್ಕೊಳ್ಳಿ. ನೋಡ್ಲಿಕ್ಕೆ ಹೋಗ್ಬೇಡಿ. ತೆರೆ ಬರ್ತದೆ, ದೋಣಿ ಏಳ್ತದೆ, ಆಗ ನಾನು ಹೇಳ್ತೇನೆ.” ಒಂದು ತೆರೆ ಹೋಯಿತು. ಇನ್ನೊಂದು ಹೋಯಿತು. ಮೂರನೆಯದಕ್ಕೆ ಅವನು “ಈಗ” ಎಂದ. ಭಾವ ಕಣ್ಣು ಮುಚ್ಚಿ ಹೆಜ್ಜೆ ಹಾಕಿದರು. ಹಲಗೆ ಅಲ್ಲೇ ಇತ್ತು.

ದ್ವೀಪ ದೊಡ್ಡದಲ್ಲ. ನಾಲ್ಕು ಮುಖ್ಯ ದ್ವೀಪಗಳಲ್ಲಿ ನಾವೆಲ್ಲ ಇಳಿಯುವುದು ತೆಂಗಿನಮರಗಳಿರುವ ಇದೊಂದರಲ್ಲಿ; ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರು. ಪಡುವಣ ಕಡೆ ಮರಳಿಗಿಂತ ಕಪ್ಪೆಚಿಪ್ಪೇ ಹೆಚ್ಚು. ನಡೆದರೆ ಗಾಜಿನ ಬಳೆ ತುಳಿದಂತೆ ಸದ್ದಾಗುತ್ತದೆ. ರಾತ್ರಿ ಇಲ್ಲಿ ಯಾರೂ ತಂಗುವಂತಿಲ್ಲ. ಮಳೆಗಾಲದಲ್ಲಿ ದೋಣಿಯೇ ಇಲ್ಲ. ವರ್ಷಕ್ಕೆ ಒಂದಷ್ಟು ತಿಂಗಳು ಮನುಷ್ಯನ ಕಾಟವಿಲ್ಲದೆ ಇರುವ ಭಾಗ್ಯ ನಮ್ಮ ಎಷ್ಟು ರಮ್ಯಸ್ಥಳಗಳಿಗಿದೆ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಫಲಕದ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಓದಬೇಕೆಂದರೆ ಅವರು ಸರಿಯುವವರೆಗೆ ಕಾಯಬೇಕು. ನನ್ನ ಅಭಿಪ್ರಾಯದಲ್ಲಿ ಈ ದ್ವೀಪವನ್ನು ಫಲಕಕ್ಕಿಂತ ಹೆಚ್ಚಾಗಿ ಕಾಪಾಡುತ್ತಿರುವುದು ಮುಂಗಾರು. ಅದರ ನಂತರ ಕಾವಲುಗಾರನ ಸೀಟಿ.

ಸೀಟಿಯ ಪರಿಚಯ ನಮಗೆ ಬೇಗನೆ ಆಯಿತು. ಎತ್ತರದ ಕಂಬಗಳು ಹಗ್ಗದ ಆಚೆಗಿದ್ದವು. ಭಾವ ನನ್ನ ಕೈ ಹಿಡಿದು ಆ ಕಡೆಗೇ ನಡೆದರು. ಸೀಟಿ ಕೂಗಿತು. ನಾನು ಕಾವಲುಗಾರನಿಗೆ ವಿಷಯವನ್ನೆಲ್ಲ ಹೇಳಿದೆ: ಮೇಷ್ಟ್ರು, ಮೂವತ್ತೊಂದು ವರ್ಷ, ಕಣ್ಣು, ಒಂದು ಸಲ ಮುಟ್ಟಿ ಬರುತ್ತೇವೆ. ಆತ ಸಮಾಧಾನದಿಂದ ಕೇಳಿ ತಲೆಯಾಡಿಸಿದ. “ಅಲ್ಲಿ ಪಾಚಿ ಉಂಟು. ಕಣ್ಣು ಸರಿ ಇದ್ದವರೇ ಜಾರಿ ಹೋಗಿದ್ದಾರೆ, ಕಾಲೇಜಿನ ಮಕ್ಕಳು. ಇವರಿಗೆ ಕಾಣುದಿಲ್ಲ ಅಂತ ನೀವೇ ಹೇಳ್ತೀರಿ.” ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಯಮವನ್ನು ಸಡಿಲಿಸುವ ಕಾವಲುಗಾರನನ್ನು ನಾವು ದೊಡ್ಡ ಮನಸ್ಸಿನವನೆನ್ನುತ್ತೇವೆ; ಆತ ಸಡಿಲಿಸಲಿಲ್ಲ. ಆದರೆ ಹಗ್ಗದ ಈಚೆಯಲ್ಲೇ ಸ್ವಲ್ಪ ದೂರ ನಡೆಸಿಕೊಂಡು ಹೋಗಿ ಒಂದು ಜಾಗ ತೋರಿಸಿದ. ಅಲ್ಲಿ ಕಂಬಗಳು ಎಂದೋ ಮುರಿದು, ಬುಡಗಳು ಮಾತ್ರ ಮೊಣಕಾಲೆತ್ತರಕ್ಕೆ, ಜೇನುಹುಟ್ಟನ್ನು ಅಂಗಾತ ಮಲಗಿಸಿದಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಣಗಿದ, ಬಿಸಿಯಾದ ಕಲ್ಲು.

ಭಾವ ಒಂದರ ಮೇಲೆ ಕುಳಿತರು. ಕನ್ನಡಕ ತೆಗೆದು ಜೇಬಿಗಿಟ್ಟರು. ಎಡಗೈ ಹೆಬ್ಬೆರಳನ್ನು ಎದುರಿನ ಕಂಬದ ಒಂದು ಮೂಲೆಗೆ ಗುರುತಾಗಿ ಒತ್ತಿ, ಬಲಗೈಯನ್ನು ಅಂಚಿನ ಗುಂಟ ಸವರುತ್ತ ಹೋದರು. ಸುತ್ತು ಬಂದು ಹೆಬ್ಬೆರಳಿಗೆ ತಾಕಿತು. ಮತ್ತೊಮ್ಮೆ ಸುತ್ತಿದರು.

“ಐದು” ಎಂದರು.

ನಾನೂ ಎಣಿಸಿದೆ. ಐದೇ.

ಇಡೀ ಜೀವಮಾನ ಆರು ಎಂದು ಪಾಠ ಹೇಳಿದವರು ಇಷ್ಟು ದೂರ ಬಂದು ಮೊದಲು ಮುಟ್ಟಿದ್ದೇ ಐದಾಯಿತಲ್ಲ ಎಂದು ನನಗೆ ಪಿಚ್ಚೆನಿಸಿತು. ಭಾವ ನಗುತ್ತಿದ್ದರು. ಮನೆಯಲ್ಲಿ ಅವರು ನಕ್ಕು ಬಹಳ ದಿನವಾಗಿತ್ತೆಂದು ಅಕ್ಕ ಆಮೇಲೆ ಹೇಳಿದಳು.

“ಬೇಸಿಗೆಯಲ್ಲಿ ಕೆರೆಯ ಅಂಗಳ ಒಣಗಿ ಬಿರಿಯುತ್ತದಲ್ಲ, ನೋಡಿದ್ದೀಯಲ್ಲಪ್ಪ? ಅದೇ ಇದು. ಕೆಸರಿನ ಬದಲು ಕಾದ ಶಿಲಾರಸ. ಮೇಲಿನಿಂದ ತಣ್ಣಗಾಗುತ್ತ ಕುಗ್ಗುತ್ತದೆ, ಕುಗ್ಗಿದರೆ ಬಿರಿಯಲೇಬೇಕು. ಬಿರುಕು ಕೆಳಕ್ಕಿಳಿದ ಹಾಗೆಲ್ಲ ಕಂಬವಾಗುತ್ತದೆ. ಮೂರು ಬಿರುಕು ಒಂದು ಕಡೆ ಕೂಡುವಾಗ ಸಮಸಮವಾಗಿ ಹಂಚಿಕೊಂಡರೆ ಆರು ಮೂಲೆ. ಆದರೆ ಕಲ್ಲಿಗೆ ನಮ್ಮ ಪುಸ್ತಕದ ಹಂಗೇನು? ಒಂದು ಐದಾಗುತ್ತದೆ. ಆದರೆ ಲೆಕ್ಕ ಬಿಡುವುದಿಲ್ಲ. ಒಟ್ಟು ಸರಾಸರಿ ಆರಕ್ಕೇ ಬರಬೇಕು. ಇಲ್ಲೊಂದು ಐದಿದ್ದರೆ ಎಲ್ಲೋ ಒಂದು ಏಳು ಇರಲೇಬೇಕು. ಹುಡುಕು.”

ಹುಡುಕಿದೆವು. ಆರು ಸಿಕ್ಕಿತು, ಮತ್ತೆ ಆರು, ಒಂದು ಅಂಚು ಸವೆದು ಲೆಕ್ಕಕ್ಕೆ ಸಿಗದ್ದು, ಮತ್ತೊಂದು ಐದು. ಹಾಗೆ ಹುಡುಕುತ್ತಲೇ ಅವರು ಪಾಠ ಮುಂದುವರಿಸಿದರು. ಎಲ್ಲರೂ ಇದನ್ನು ಬಸಾಲ್ಟ್ ಎನ್ನುತ್ತಾರೆ, ಅಲ್ಲ. ಇದು ಸಿಲಿಕ ಹೆಚ್ಚಾಗಿರುವ ರಯೋಲೈಟಿನ ಬಳಗದ್ದು. ದಖನ್ನಿನ ಕರಿಕಲ್ಲಿಗೆ ಆರೂವರೆ ಕೋಟಿ ವರ್ಷವಾದರೆ ಇದಕ್ಕೆ ಸುಮಾರು ಒಂಬತ್ತು ಕೋಟಿ. ಮಡಗಾಸ್ಕರ್ ನಮ್ಮ ಈ ಕರಾವಳಿಗೆ ಅಂಟಿಕೊಂಡಿದ್ದು ಬಿಟ್ಟು ಹೋದ ಕಾಲದಲ್ಲಿ ಉಕ್ಕಿದ್ದು. ಅದಕ್ಕೂ ಎಷ್ಟೋ ಮುಂಚೆ ಆಸ್ಟ್ರೇಲಿಯವೂ ನಮ್ಮ ಜೊತೆಯಲ್ಲೇ ಇತ್ತು.

ಬಾಳೆಲೆ ಹಾಸುತ್ತಿದ್ದ ಅಕ್ಕ ತಲೆಯೆತ್ತಿದಳು. ಅವಳ ಮಗ ಹನ್ನೊಂದು ವರ್ಷದಿಂದ ಮೆಲ್ಬರ್ನಿನಲ್ಲಿದ್ದಾನೆ. “ಹಾಗೇ ಇದ್ದಿದ್ದರೆ ಅವನು ಶನಿವಾರ ಬಸ್ಸಿನಲ್ಲಿ ಬಂದು ಭಾನುವಾರ ಹೋಗುತ್ತಿದ್ದ” ಎಂದಳು. ಮೇಷ್ಟ್ರ ಪಾಠ ಅಲ್ಲಿಗೆ ನಿಂತಿತು. ಮೂವರೂ ಚಿತ್ರಾನ್ನ ತಿಂದೆವು.

ಕೈತೊಳೆದ ಮೇಲೆ ಅಕ್ಕ ಕಂಬಗಳ ಸಂದಿನಿಂದ ಏನನ್ನೋ ಹೆಕ್ಕಿ ಭಾವನವರ ಅಂಗೈಯಲ್ಲಿಟ್ಟಳು. ಕಂಬದಿಂದ ಕಳಚಿ ಬಿದ್ದ ಚೂರು. ಲಿಂಬೆಹಣ್ಣಿನ ಗಾತ್ರ, ಒಂದು ಮೂಲೆ ಚೂಪಾಗಿ ಉಳಿದಿತ್ತು. “ಮೇಜಿನ ಮೇಲೆ ಇಟ್ಟುಕೊಳ್ಳಿ. ಬೇಕಾದಾಗ ಮುಟ್ಟಿ ನೋಡಬಹುದು” ಎಂದಳು. “ಮುಂದಕ್ಕೆ” ಎಂಬ ಮಾತು ಬಾಯಿಗೆ ಬಂದು ನುಂಗಿಕೊಂಡದ್ದು ನನಗೆ ತಿಳಿಯಿತು. ನಾನು ಕಾವಲುಗಾರನ ಕಡೆ ನೋಡಿದೆ. ಆತ ನಮ್ಮನ್ನು ನೋಡಿದ. ನೋಡಿ, ಕಡಲ ಕಡೆಗೆ ತಿರುಗಿ ನಿಂತ.

ಭಾವ ಅದನ್ನು ಬಹಳ ಹೊತ್ತು ತಿರುವಿದರು. ಕೆನ್ನೆಗೆ ಒತ್ತಿಕೊಂಡರು. ನನಗೆ, ನಿಜ ಹೇಳುತ್ತೇನೆ, ಅವರು ಅದನ್ನು ಜೇಬಿಗೆ ಹಾಕಿಕೊಂಡರೆ ಸಾಕಪ್ಪ ಎನಿಸಿತ್ತು. ಒಂಬತ್ತು ಕೋಟಿ ವರ್ಷದ ದ್ವೀಪಕ್ಕೆ ಒಂದು ಲಿಂಬೆಹಣ್ಣಿನಷ್ಟು ಕಲ್ಲು ಯಾವ ಲೆಕ್ಕ?

“ಎಲ್ಲಿಂದ ತೆಗೆದೆ?” ಎಂದರು.

“ಅಲ್ಲೇ, ಸಂದಿಯಲ್ಲಿತ್ತು.”

“ಯಾವ ಸಂದಿ?”

ಅಕ್ಕ ಸುಮ್ಮನಿದ್ದಳು. ಅವರು ಕೈ ಚಾಚಿದರು. ಅವಳು ಆ ಕೈಯನ್ನು ಹಿಡಿದು ಸಂದಿಗೆ ತೋರಿಸಿದಳು. ಭಾವ ಕಲ್ಲನ್ನು ಅಲ್ಲಿಗೆ ಇಳಿಸಿ, ಅದು ಅಲುಗಾಡದೆ ಕೂರುವವರೆಗೂ ಬೆರಳಿನಿಂದ ಒತ್ತಿದರು. ಅಕ್ಕ ಮುಖವನ್ನು ಆಚೆ ತಿರುಗಿಸಿಕೊಂಡು ಡಬ್ಬಿಯ ಮುಚ್ಚಳ ಹಾಕತೊಡಗಿದಳು. ಆ ಮುಚ್ಚಳ ಕೂರಲು ಬಹಳ ಹೊತ್ತು ಹಿಡಿಯಿತು.

ದೋಣಿಗೆ ಕರೆ ಬಂದಿತು. ಭಾವ ಇನ್ನೂ ಒಂದು ಕಂಬದ ಸುತ್ತ ಕೈಯಾಡಿಸುತ್ತಿದ್ದರು, ಅದೂ ಆರೇ. ಏಳು ಸಿಗಲಿಲ್ಲ. ನೀರಿನ ಬಳಿ ಬೆಳಗಿನ ಹುಡುಗನೇ ಕಾದಿದ್ದ. ಯಾರೂ ಹೇಳದೆ ತನ್ನ ಭುಜವನ್ನು ಅವರ ಕೈಯ ಮಟ್ಟಕ್ಕೆ ಬಗ್ಗಿಸಿದ.

“ಎಂತ ಅಜ್ಜ, ಕಲ್ಲು ಸಿಕ್ಕಿತಾ?”

“ಒಂದು ಬಾಕಿ ಇದೆಯಪ್ಪ. ಮಳೆ ಕಳೆದ ಮೇಲೆ ದೋಣಿ ಯಾವ ತಿಂಗಳು ಶುರುವಾಗುತ್ತದೆ?”

“ಕಡಲು ಬಿಟ್ಟರೆ ಅಕ್ಟೋಬರು, ಅಜ್ಜ.”

“ಅಕ್ಟೋಬರು” ಎಂದರು ಭಾವ, ನನ್ನ ಕಡೆಗೆ ತಿರುಗಿ, ನನ್ನ ಮುಖ ಇರಬಹುದಾದ ಜಾಗಕ್ಕಿಂತ ಸ್ವಲ್ಪ ಆಚೆಗೆ ನೋಡುತ್ತ. “ಬರೆದಿಟ್ಟುಕೋ.”