ಆಲೆಮನೆಯ ಗಾಣ ಸವೆದ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಆಲೆಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆಯುವುದು ಗಾಣ. ಕಬ್ಬು ಹಿಂಡುವ ರೋಲು, ಅದರ ತುದಿಯನ್ನು ಹೊರುವ ಬುಷ್, ರೋಲುಗಳನ್ನು ಜೊತೆಯಾಗಿ ತಿರುಗಿಸುವ ಹಲ್ಲುಚಕ್ರ, ಮೂರಕ್ಕೂ ತಿಕ್ಕಾಟ ತಪ್ಪಿದ್ದಲ್ಲ. ಎತ್ತು ಹೋಗಿ ಎಂಜಿನ್, ಎಂಜಿನ್ ಹೋಗಿ ಮೋಟಾರು ಬಂದಾಗಲೂ ಸವೆತ ನಿಲ್ಲಲಿಲ್ಲ. ಅದರ ಜಾಗ ಬದಲಾಯಿತು, ರಿಪೇರಿಯ ಕೈಗಳೂ ಬದಲಾದವು.

ಹಳೆಯ ಗಾಣ ಮರದ್ದು, ಅದರ ವೈದ್ಯ ಊರಿನ ಬಡಗಿ. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬಿಬ್ಬರು ಕಬ್ಬಿಣದ ಗಾಣ ತಯಾರಿಸಿದ ಮೇಲೆ ದೇಶದ ಹಲವೆಡೆ ಮರದ ಗಾಣ ಮೂಲೆ ಸೇರಿತು. ಮಂಡ್ಯ ಸೀಮೆಯಲ್ಲಿ ಕಬ್ಬು ಹಬ್ಬಿದ್ದು ಅದಕ್ಕೂ ಬಹಳ ತಡವಾಗಿ. 1930ರ ದಶಕದ ಆರಂಭದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಗೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಗೆ ಹರಿದು ರಾಗಿ ಹೊಲಗಳು ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಶುರುವಾಯಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬಂತು.

ಎತ್ತಿನ ಗಾಣದಲ್ಲಿ ನೆಟ್ಟಗೆ ನಿಂತ ಮೂರು ಕಬ್ಬಿಣದ ರೋಲುಗಳು. ಉದ್ದನೆಯ ಮರದ ತೊಲೆಗೆ ಕಟ್ಟಿದ ಜೋಡೆತ್ತು ನಿಮಿಷಕ್ಕೆ ಎರಡು ಮೂರು ಸುತ್ತು ಬಂದರೆ ಹೆಚ್ಚು. ವೇಗ ಕಡಿಮೆಯಾದ್ದರಿಂದ ಕಾವೂ ಕಡಿಮೆ. ಗಾಡಿಗೆ ಹಾಕುವ ಕೀಲೆಣ್ಣೆಯೇ ಗಾಣಕ್ಕೂ ಸಾಕಾಗುತ್ತಿತ್ತು. ಕಬ್ಬು ಜಾಸ್ತಿ ತುರುಕಿದರೆ ಎತ್ತು ತಾನೇ ನಿಲ್ಲುತ್ತಿತ್ತು, ಕಬ್ಬಿಣ ಉಳಿಯುತ್ತಿತ್ತು. ಆದರೆ ನೂರು ಕೆಜಿ ಕಬ್ಬಿಗೆ ಸಿಗುತ್ತಿದ್ದುದು ಐವತ್ತು, ಐವತ್ತೈದು ಕೆಜಿ ಹಾಲು, ಅಂದರೆ ಕಬ್ಬಿನ ರಸ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತಾದರೂ ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಸುತ್ತಲಿನ ಆಲೆಮನೆಗಳು ಕರೆಂಟಿಗಾಗಿ ದಶಕಗಟ್ಟಲೆ ಕಾದವು, ನಡುವಿನ ಕಾಲವನ್ನು ಡೀಸೆಲ್ ಎಂಜಿನ್ ತುಂಬಿತು. ರೋಲುಗಳು ಅಡ್ಡ ಮಲಗಿದವು, ಬೆಲ್ಟ್ ಬಂತು, ವೇಗ ಹಲವು ಪಟ್ಟಾಯಿತು. ಹಾಲಿನ ಪ್ರಮಾಣ ನೂರಕ್ಕೆ ಅರವತ್ತು ದಾಟಿತು. ಅದರ ಬೆಲೆ ತೆತ್ತಿದ್ದು ಬುಷ್.

ಬುಷ್ಷನ್ನು ಗನ್‌ಮೆಟಲ್‌ನಲ್ಲಿ ಎರೆಯುತ್ತಾರೆ. ತಾಮ್ರ, ತವರ ಬೆರೆತ ಈ ಲೋಹ ಉಕ್ಕಿಗಿಂತ ಮೆತ್ತಗೆ. ಸವೆಯುವುದಿದ್ದರೆ ದುಬಾರಿಯ ಶಾಫ್ಟಿನ ಬದಲು ಅಗ್ಗದ ಬುಷ್ಷೇ ಸವೆಯಲಿ ಎಂಬುದು ಲೆಕ್ಕ. ಅದಕ್ಕೆ ಶತ್ರು ಮೂರು. ಕಬ್ಬಿಗಂಟಿದ ಮಣ್ಣು, ಮರಳು ಒಳಹೊಕ್ಕು ಲೋಹವನ್ನು ಉಜ್ಜುತ್ತದೆ. ಕಬ್ಬಿನ ಹಾಲಿನ ಹುಳಿ ಗುಣ ಗ್ರೀಸನ್ನು ತೊಳೆದು ಲೋಹವನ್ನು ತಿನ್ನುತ್ತದೆ. ಮೂರನೆಯದು ಕಾವು. ಸುಣ್ಣದ ಸೋಪಿನಿಂದ ಮಾಡಿದ ಅಗ್ಗದ ಗ್ರೀಸ್ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಲೇ ಕರಗಿ ಹರಿಯುತ್ತದೆ. ಗ್ರೀಸ್ ಹೋದರೆ ಲೋಹಕ್ಕೆ ಲೋಹ ತಾಗಿ ಕಾವು ಇನ್ನೂ ಏರುತ್ತದೆ, ಕಾದ ಲೋಹ ಮೆದುವಾಗುತ್ತದೆ. ಅಲ್ಲಿಯವರೆಗೆ ಪುಡಿಯಾಗಿ ಉದುರುತ್ತಿದ್ದುದು ಆಮೇಲೆ ಚಕ್ಕೆಯಾಗಿ ಏಳುತ್ತದೆ. ಗಾಣಕ್ಕೆ ಕಬ್ಬು ಕೊಡುವವನು ಆಗಾಗ ಬುಷ್ಷಿನ ಮೇಲೆ ಅಂಗೈ ಇಟ್ಟು ನೋಡುವುದು ಇದಕ್ಕೇ. ಕೈ ನಿಲ್ಲದಿದ್ದರೆ ಗಾಣ ನಿಲ್ಲಿಸಬೇಕು.

ರೋಲಿನ ಸವೆತ ಗೊತ್ತಾಗುವುದು ರಚ್ಚಿನಲ್ಲಿ, ಅಂದರೆ ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯಲ್ಲಿ. ರೋಲಿನ ಮೇಲಿನ ಗೀರುಗಳು ನುಣುಪಾಗಿ ನಡುವಿನ ಸಂದು ಹೆಚ್ಚಿದರೆ ಕಬ್ಬು ಸರಿಯಾಗಿ ಹಿಂಡದೆ ರಚ್ಚು ಹಸಿಯಾಗಿ ಬೀಳುತ್ತದೆ. ಒಲೆಗೆ ಉರುವಲೂ ಅದೇ. ಹಸಿ ರಚ್ಚು ಬೇಗ ಒಣಗುವುದಿಲ್ಲ, ಒಲೆ ಹೊಗೆಯುತ್ತದೆ, ಕೊಪ್ಪರಿಗೆ ತಡವಾಗಿ ಕುದಿಯುತ್ತದೆ. ಪಾಕ 118 ಡಿಗ್ರಿಯ ಆಸುಪಾಸಿಗೆ ಬರುವಷ್ಟರಲ್ಲಿ ಹೊತ್ತು ಮೀರಿ ಬೆಲ್ಲ ಕಪ್ಪಾಗುತ್ತದೆ. ಮಂಡಿಯಲ್ಲಿ ಬಣ್ಣ ನೋಡಿಯೇ ರೇಟು ಕೂಗುವುದರಿಂದ ರೋಲಿನ ಸವೆತ ರೈತನ ಜೇಬಿಗೆ ಮುಟ್ಟುತ್ತದೆ.

ಹೀಗೆ ಬಡಗಿಯ ಕೆಲಸ ಪೇಟೆಯ ಲೇತ್ ಅಂಗಡಿಗೆ ಹೋಯಿತು. ಹಂಗಾಮು ಮುಗಿದ ಮೇಲೆ ರೋಲು ಬಿಚ್ಚಿ ಒಯ್ದು ಲೇತಿಗೆ ಏರಿಸಿ ಹೊಸ ಗೀರು ಹಾಕಿಸುತ್ತಾರೆ, ಸವೆದ ಕಡೆ ವೆಲ್ಡಿಂಗಿನಲ್ಲಿ ಲೋಹ ತುಂಬಿಸುತ್ತಾರೆ. ಪ್ರತಿ ಸಲ ಲೇತಿಗೇರಿದಾಗಲೂ ರೋಲಿನ ದಪ್ಪ ಇಳಿಯುತ್ತದೆ, ಕೊನೆಗೆ ಅದು ಗುಜರಿ.

ಕರೆಂಟ್ ಮೋಟಾರಿನಿಂದ ಸದ್ದು, ಹೊಗೆ ಕಡಿಮೆಯಾದವು. ಆದರೆ ಮೋಟಾರು ಎತ್ತಿನಂತೆ ತಾನೇ ನಿಲ್ಲುವುದಿಲ್ಲ. ಸಿಕ್ಕಿಕೊಂಡ ಕಬ್ಬನ್ನೂ ಎಳೆಯುತ್ತಲೇ ಇರುತ್ತದೆ, ಬೆಲ್ಟ್ ಜಾರುತ್ತದೆ, ಇಲ್ಲವೇ ಹಲ್ಲು ಮುರಿಯುತ್ತದೆ. ಗಾಣಕ್ಕೆ ಕಬ್ಬು ಕೊಡುವವನು ಎಷ್ಟು ಕೊಡಬೇಕೆಂದು ಅರಿತಿರಬೇಕಾದ್ದು ಈಗ ಮೊದಲಿಗಿಂತ ಹೆಚ್ಚು ಅಗತ್ಯ.