ಪುಟ್ಟೇನಹಳ್ಳಿಯಲ್ಲಿ ‘ಏನ್ ಸಾರು?’

ಬೆಂಗಳೂರಿನ ದಕ್ಷಿಣಕ್ಕೆ, ಜೆ.ಪಿ. ನಗರ ಏಳನೇ ಹಂತಕ್ಕೆ ತಾಗಿಕೊಂಡು ಪುಟ್ಟೇನಹಳ್ಳಿ ಇದೆ. (ಯಲಹಂಕದ ಕಡೆಯೂ ಇದೇ ಹೆಸರಿನ ಊರುಂಟು, ಆಟೋದವರಿಗೆ ಬಿಡಿಸಿ ಹೇಳಿ!) ಹೆಸರಿಗೆ ಹಳ್ಳಿ, ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತು. ನಡುವೆ ಒಂದು ಪುಟ್ಟ ಕೆರೆ. ಸೊರಗಿದ್ದ ಈ ಕೆರೆಯನ್ನು ಉಳಿಸಿಕೊಳ್ಳಲು ನೆರೆಹೊರೆಯವರೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು.

ಇಲ್ಲಿನ ಹಳೇ ಮನೆಗಳ ಹೆಂಗಸರು ಎದುರಾದರೆ ಮೊದಲು ಕೇಳುವುದು, “ಇವತ್ತೇನ್ ಸಾರು?” ಅಂತ. ಸಾರು ಎಂದರೆ ಅವರಿಗೆ ತಿಳಿಸಾರೊಂದೇ ಅಲ್ಲ. ಮುದ್ದೆಗೆ, ಅನ್ನಕ್ಕೆ ಹಾಕಿಕೊಳ್ಳುವುದೆಲ್ಲ ಸಾರೇ. ಹುರುಳಿಕಾಳಿನದು, ಮಸ್ಸೊಪ್ಪು, ಮಾಂಸದ್ದು ಕೂಡ. ಇನ್ನು ಕೆಲವು ಮನೆಗಳಲ್ಲಿ ಬೇಳೆಗೆ ತರಕಾರಿ ಬಿದ್ದರೆ ಹುಳಿ, ಇಲ್ಲದಿದ್ದರೆ ಸಾರು. ಉಡುಪಿ ಕಡೆಯವರಿಗೆ ತೆಳ್ಳಗಿದ್ದರೆ ಮಾತ್ರ ಸಾರು.

ಇದರಿಂದ ಪಜೀತಿಯೂ ಉಂಟು. ಅಲ್ಲಿಯ ಮನೆಯೊಂದಕ್ಕೆ ಉಡುಪಿ ಕಡೆಯಿಂದ ಸೊಸೆ ಬಂದಳು. “ದಂಟಿನಸೊಪ್ಪು ಬೇಯ್ಸಿ ಬಸ್ದಿಡವ್ವ, ಸಾರಿಗೆ” ಎಂದು ಅತ್ತೆ ತೋಟಕ್ಕೆ ಹೋದರು. ಸೊಸೆ ಸೊಪ್ಪು ಬಸಿದಿಟ್ಟು, ನೀರನ್ನು ಬಚ್ಚಲಿಗೆ ಚೆಲ್ಲಿದಳು! ಬಂದ ಅತ್ತೆ, “ಅಯ್ಯೋ, ಸಾರನ್ನೇ ಚೆಲ್ಬಿಟ್ಯಲ್ಲೇ!” ಎಂದರು. ಹುಡುಗಿಗೆ ಅಳುವೇ ಬಂತು. ಅವಳದೇನು ತಪ್ಪು ಹೇಳಿ? ಬಸಿದ ಸಾರೇ ಬಸ್ಸಾರು ಎಂದು ಯಾರೂ ಹೇಳಿರಲಿಲ್ಲ.

ತಮಿಳಿನಲ್ಲಿ ಕಬ್ಬಿನ ಹಾಲಿಗೂ ಸಾರು ಎನ್ನುತ್ತಾರೆ. ತೆಲುಗರ ‘ಚಾರು’ ನಮ್ಮ ತಿಳಿಸಾರೇ. ರಸಂ ಎಂಬುದು ಸಂಸ್ಕೃತದ ‘ರಸ’. ಅಂದರೆ ಎರಡರ ಅರ್ಥವೂ ಒಂದೇ, ಆದ್ದರಿಂದ ರಸಂ ಎಂದ ಮಕ್ಕಳನ್ನು ನಾನು ಗದರಿಸುವುದಿಲ್ಲ. ನನ್ನ ಕೊರಗು ಬೇರೆ. ಹೋಟೆಲಿನ ಬೋರ್ಡಿನಲ್ಲಿರುವ ರಸಂ, ಸಾಂಬಾರು ಎರಡನ್ನೇ ಕಲಿತ ಮಕ್ಕಳಿಗೆ ಬಸ್ಸಾರು, ಉಪ್ಪುಸಾರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಹೆಸರು ಹೇಳದ ಅಡುಗೆಯನ್ನು ಯಾರು ಕೇಳಿಯಾರು? (ಡಂಗುರ ಸಾರುವುದು, ನೆಲ ಸಾರಿಸುವುದು ಬೇರೆ ಮಾತು ಬಿಡಿ.)

ಆ ಅತ್ತೆಯ ಬಸ್ಸಾರು ಹೀಗೆ: ಒಂದು ಲೋಟ ತೊಗರಿಬೇಳೆಯನ್ನು ಧಾರಾಳ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಎರಡು ಕಟ್ಟು ದಂಟಿನಸೊಪ್ಪು, ಉಪ್ಪು ಹಾಕಿ. ಬೇಳೆ ಕರಗಬಾರದು. ಬೆಂದ ಮೇಲೆ ಬಸಿದು ನೀರನ್ನು ಜೋಪಾನವಾಗಿಡಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿತುರಿ, ಸಾರಿನ ಪುಡಿ, ಹುಣಿಸೆಹಣ್ಣಿನ ಜೊತೆ ಒಂದು ಹಿಡಿ ಬೆಂದ ಸೊಪ್ಪು-ಬೇಳೆ ಸೇರಿಸಿ ರುಬ್ಬಿ, ಆ ನೀರಿಗೆ ಬೆರೆಸಿ ಕುದಿಸಿ ಒಗ್ಗರಣೆ ಕೊಡಿ. ಉಳಿದ ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಕಾಯಿ ಉದುರಿಸಿದರೆ ಪಲ್ಯವೂ ಆಯಿತು. ಮಾರನೆಯ ದಿನ ಕುದಿಸಿದ ಬಸ್ಸಾರಿಗೆ ರುಚಿ ಇನ್ನೂ ಹೆಚ್ಚು. ಬಿಸಿ ಮುದ್ದೆ ಮಾತ್ರ ಹೊಸದಾಗಿ ತಿರುವಿ.