ಪೀಣ್ಯದಲ್ಲಿ ಬಕೆಟ್ ಕಿವಿಗೊಂದು ಆಪರೇಷನ್

ಮೆಟ್ರೋದಲ್ಲಿ ಕೂತು ಪೀಣ್ಯ ದಾಟೋವಾಗ ಕಾಣೋದು ಬರೀ ಶೀಟಿನ ಚಾವಣಿಗಳು. 'ಪೀಣ್ಯ ಇಂಡಸ್ಟ್ರಿ' ಸ್ಟೇಷನ್‌ನಲ್ಲಿ ಇಳಿದು ಒಳಗಿನ ಕ್ರಾಸ್‌ಗಳಿಗೆ ನಡೆದರೆ ಮಾತ್ರ ಊರು ಶುರುವಾಗುತ್ತೆ. ಒಂದು ಶೆಡ್‌ನಲ್ಲಿ ಪ್ಲೇಟಿಂಗ್, ಪಕ್ಕದಲ್ಲಿ ಗೇರ್ ಕಟಿಂಗ್, ಅದರಾಚೆ ಪೌಡರ್ ಕೋಟಿಂಗ್, ನಡುವೆ ಟೀ ಅಂಗಡಿ. ಗಾಳಿಯಲ್ಲಿ ಕೂಲೆಂಟ್ ವಾಸನೆ. ಒಂದೇ ಬೆಂಚಿನ ಮೇಲೆ ಕನ್ನಡ, ತಮಿಳು, ಹಿಂದಿ, ಒಡಿಯಾ.

ನನ್ನ ಕಾಲೇಜು ಗೆಳೆಯ ಇಲ್ಲಿ ಅಪ್ಪನ ಟೂಲ್ ರೂಮ್ ನೋಡ್ಕೊಳ್ತಾನೆ. ನಾನು ಹೋದ ಶನಿವಾರ ಅಲ್ಲಿ ಬಿಚ್ಚಿಟ್ಟಿದ್ದು ಒಂದು ಬಕೆಟ್ ಮೌಲ್ಡ್. ಗಿರಾಕಿಯ ದೂರು ಒಂದೇ: ಬಕೆಟ್ ಗಟ್ಟಿಯಾಗಿದೆ, ಹ್ಯಾಂಡಲ್ ಸಿಕ್ಕಿಸೋ ಕಿವಿ ಮಾತ್ರ ಕಿತ್ತು ಬರುತ್ತೆ. ಯಾರ ಮನೆಯ ಬಚ್ಚಲಲ್ಲಿ ಈ ಕಥೆ ಇಲ್ಲ ಹೇಳಿ!

ಪ್ಲಾಸ್ಟಿಕ್ ಕಳಪೆ ಅಂತ ನಾನು ಅಂದ್ಕೊಂಡಿದ್ದೆ. ಹಿರಿಯ ಫಿಟ್ಟರ್ ಒಬ್ಬರು ಮುರಿದ ಕಿವಿಯನ್ನ ಬೆಳಕಿಗೆ ಹಿಡಿದು, "ಇಲ್ಲಿ ಗೆರೆ ಕಾಣುತ್ತಾ ಸಾರ್?" ಅಂದ್ರು. ಕೂದಲೆಳೆಯಷ್ಟು ಗೆರೆ. ಕರಗಿದ ಪಾಲಿಪ್ರೊಪಿಲೀನ್ ಬಕೆಟ್‌ನ ತಳದ ಮಧ್ಯದಿಂದ ಹೊರಟು ಮೇಲಕ್ಕೇರುತ್ತೆ. ಕಿವಿಯ ತೂತು ಮಾಡೋ ಪಿನ್ ಸಿಕ್ಕಾಗ ಎರಡಾಗಿ ಸೀಳಿ, ಆ ಕಡೆ ಮತ್ತೆ ಕೂಡುತ್ತೆ. ಅಷ್ಟರಲ್ಲಿ ಸ್ವಲ್ಪ ಆರಿರುತ್ತೆ, ಬೆಸುಗೆ ಪೂರ್ತಿ ಆಗಲ್ಲ. ಇದೇ ವೆಲ್ಡ್ ಲೈನ್. ಅದು ಬೀಳೋದು ತೂತಿನ ಮೇಲ್ಭಾಗದಲ್ಲಿ. ತುಂಬಿದ ಬಕೆಟ್ ಎತ್ತಿದಾಗ ಹ್ಯಾಂಡಲ್ ಜಗ್ಗೋದೂ ಅಲ್ಲೇ. ಜೊತೆಗೆ ಕಿವಿ ಗೋಡೆಗೆ ಸೇರೋ ಮೂಲೆ ಚಾಕುವಿನಷ್ಟು ಚೂಪು. ಭಾರವೆಲ್ಲಾ ಬಂದು ಅಲ್ಲೇ ಕೂರುತ್ತೆ.

ಹಾಗಾದ್ರೆ ಕಿವಿ ದಪ್ಪ ಮಾಡಿದ್ರಾಯ್ತಲ್ಲ ಅಂದೆ. ಗೆಳೆಯ ನಕ್ಕ. ಪ್ಲಾಸ್ಟಿಕ್ ಆರೋ ಸಮಯ ಹೆಚ್ಚುಕಡಿಮೆ ದಪ್ಪದ ವರ್ಗದಂತೆ ಏರುತ್ತೆ. 2 ಮಿ.ಮೀ. ಇದ್ದದ್ದನ್ನ 3 ಮಾಡಿದ್ರೆ ಎರಡು ಪಟ್ಟಿಗಿಂತ ಜಾಸ್ತಿ. ಮಷಿನ್ ಅಷ್ಟು ಹೊತ್ತು ಕಾಯಬೇಕು, ಮೇಲ್ಮೈ ಬೇರೆ ಗುಳಿ ಬೀಳುತ್ತೆ.

ಅವರು ಮಾಡಿದ್ದು ಬೇರೆ. ಚೂಪು ಮೂಲೆಗೆ 1 ಮಿ.ಮೀ. ರೇಡಿಯಸ್ ಕೊಟ್ರು. ದಪ್ಪ ಮುಟ್ಟದೆ, ತೂತಿನ ಮೇಲಿನ ಪಟ್ಟಿಯನ್ನ ಅಗಲ ಮಾಡಿದ್ರು. ಹಿಂದೆ ಗೋಡೆಯ ಅರ್ಧ ದಪ್ಪದ ಒಂದು ರಿಬ್. ಮೂರೂ ಮೌಲ್ಡ್‌ನಿಂದ ಉಕ್ಕು ತೆಗೆಯೋ ಕೆಲಸಗಳೇ. ಉಕ್ಕು ತೆಗೆದ ಕಡೆ ಪ್ಲಾಸ್ಟಿಕ್ ತುಂಬಿಕೊಳ್ಳುತ್ತೆ. ಜಾಸ್ತಿ ತೆಗೆದ್ರೆ ಮಾತ್ರ ವೆಲ್ಡಿಂಗ್ ಹಾಕಿ ಮತ್ತೆ ಕೆತ್ತಬೇಕು. ನಮ್ಮ ಕೋಡ್ ಥರ ಹಳೇ ವರ್ಷನ್‌ಗೆ ವಾಪಸ್ ಹೋಗೋಕಾಗಲ್ಲ. ರಿಬ್‌ನ ಸಂದಿಗೆ ಕಟರ್ ಹೋಗದ ಕಾರಣ ತಾಮ್ರದ ಎಲೆಕ್ಟ್ರೋಡ್ ಇಳಿಸಿ, ಎಣ್ಣೆಯೊಳಗೆ ಕಿಡಿ ಹಾರಿಸಿ ಸವೆಸಿದ್ರು. ಆ ಚಟಚಟ ಸದ್ದು ಕೇಳ್ತಾ ಒಂದು ಗಂಟೆ ನಿಂತಿದ್ದೆ.

ಟ್ರಯಲ್ ಬಕೆಟ್‌ಗೆ ಮರಳು ತುಂಬಿ, ಕೊಕ್ಕೆಗೆ ನೇತುಹಾಕಿ ಜರ್ಕ್ ಕೊಟ್ರು. ಕಿವಿ ಅಲ್ಲಾಡಲಿಲ್ಲ. ಗಿರಾಕಿ ಮಾತ್ರ ಬಕೆಟ್ ನೋಡೋ ಮೊದಲೇ, "ಗ್ರಾಂ ಎಷ್ಟು ಜಾಸ್ತಿ ಆಯ್ತು?" ಅಂದ್ರು. "ನಾಲ್ಕು."

ಅವರು ಫೋನ್ ತೆಗೆದು ಲೆಕ್ಕ ಹಾಕಿದ್ರು. ಲಕ್ಷ ಬಕೆಟ್‌ಗೆ 400 ಕೆಜಿ. ಅಂಗಡಿಯವನು ಇದಕ್ಕೆ ಒಂದು ರೂಪಾಯಿನೂ ಜಾಸ್ತಿ ಕೊಡಲ್ಲ ಅಂತ ಗೊಣಗಿದ್ರು. ಗೆಳೆಯನ ಅಪ್ಪ, "ವಾಪಸ್ ಬರೋ ಬಕೆಟ್‌ನೂ ಲೆಕ್ಕ ಹಿಡೀರಿ ಸ್ವಾಮಿ" ಅಂದ್ರು. ಟೀ ಬಂತು, ಚೌಕಾಶಿ ನಡೀತು. ಕೊನೆಗೆ ಮೊದಲು 500 ಪೀಸ್ ಹೊಡೆದು ನೋಡೋಣ ಅಂತಾಯ್ತು. ಚೈನ್ ಪುಲ್ಲಿಯಲ್ಲಿ ಮೌಲ್ಡ್ ಎತ್ತಿ ಟೆಂಪೋಗೆ ಇಳಿಸಿದ್ರು.